ಆಂಟಿ-ಅಲಿಯಾಸಿಂಗ್ ಫಿಲ್ಟರ್: ಬೇಕೆಂದೇ ಮಾಡುವ ಮಸುಕು

ಕ್ರೈಮ್ ಸುದ್ದಿಯಲ್ಲಿ 'ಇಂಥವನು ಅಲಿಯಾಸ್ ಅಂಥವನು' ಎಂದು ಓದಿರುತ್ತೀರಿ, ಅಲ್ವಾ? ಕ್ಯಾಮೆರಾದ ಅಲಿಯಾಸಿಂಗ್‌ನಲ್ಲಿ ಇರುವುದೂ ಅದೇ ಅಲಿಯಾಸ್. ಸಣ್ಣ ವಿನ್ಯಾಸವೊಂದು ಫೋಟೋದೊಳಗೆ ವೇಷ ಬದಲಿಸಿಕೊಂಡು, ದಪ್ಪ ವಿನ್ಯಾಸವಾಗಿ ಕಾಣಿಸಿಕೊಳ್ಳುತ್ತದೆ.

ಸೊಳ್ಳೆಪರದೆಯನ್ನು ಎರಡು ಮಡಿಕೆ ಮಾಡಿ, ಸ್ವಲ್ಪ ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಬಟ್ಟೆಯಲ್ಲಿ ಎಲ್ಲೂ ಇಲ್ಲದ ಅಗಲವಾದ ಅಲೆಗಳು ಏಳುತ್ತವೆ. ಕೈ ಅಲುಗಿಸಿದರೆ ಅವೂ ಹರಿದಾಡುತ್ತವೆ. ಇದೇ ಮೊಆರೆ. ಕ್ಯಾಮೆರಾದಲ್ಲಿ ಒಂದು ಪರದೆ ಎಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರಿನ ಪಿಕ್ಸೆಲ್ ಸಾಲು, ಇನ್ನೊಂದು ಎದುರಿಗೆ ನಿಂತವರ ಸಣ್ಣ ಗೆರೆಯ ಅಂಗಿ. ಒಂದು ಕಪ್ಪು, ಒಂದು ಬಿಳಿ ಗೆರೆಯ ಜೋಡಿಗೆ ಕನಿಷ್ಠ 2 ಪಿಕ್ಸೆಲ್ ಬೇಕು. ಗೆರೆ ಅದಕ್ಕಿಂತ ಸಣ್ಣದಾದರೆ ಸೆನ್ಸರ್ ಅದನ್ನು ಸುಮ್ನೆ ಬಿಡುವುದಿಲ್ಲ, ತಪ್ಪಾಗಿ ದಾಖಲಿಸುತ್ತದೆ. ಜೊತೆಗೆ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಹಾಗಾಗಿ ಬೂದು ಅಂಗಿಯ ಮೇಲೆ ಕಾಮನಬಿಲ್ಲಿನ ಪಟ್ಟೆಗಳೂ ಬರುತ್ತವೆ.

ಇದನ್ನು ತಡೆಯಲು ಸೆನ್ಸರಿನ ಮುಂದೆ ಒಂದು ತೆಳುವಾದ ಹರಳಿನ ಫಿಲ್ಟರ್ ಇಡುತ್ತಾರೆ. ಅದರ ಒಂದು ಪದರ ಬೆಳಕಿನ ಕಿರಣವನ್ನು ಅಡ್ಡಡ್ಡಲಾಗಿ ಎರಡು ಮಾಡುತ್ತದೆ, ಇನ್ನೊಂದು ಪದರ ಉದ್ದುದ್ದಕ್ಕೆ ಎರಡು ಮಾಡುತ್ತದೆ. ಒಂದು ಚುಕ್ಕಿ ನಾಲ್ಕಾಗಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಮೇಲೆ ಬೀಳುತ್ತದೆ. ಸೆನ್ಸರ್ ಬಿಡಿಸಿ ನೋಡಲಾಗದ ಸಣ್ಣ ಗೆರೆಗಳು ಅಲ್ಲಿಗೆ ತಲುಪುವ ಮೊದಲೇ ಕಲಸಿಹೋಗುತ್ತವೆ.

ಇದರ ಬೆಲೆಯನ್ನು ಶಾರ್ಪ್‌ನೆಸ್ ತೆರುತ್ತದೆ. 100% ಝೂಮ್ ಮಾಡಿದಾಗ ರೆಪ್ಪೆಗೂದಲು, ಹಕ್ಕಿಯ ಗರಿ ಸ್ವಲ್ಪ ಮೆತ್ತಗೆ ಕಾಣುತ್ತವೆ. ಆದರೆ ಇದು ಫೋಕಸ್ ತಪ್ಪಿದಾಗ ಆಗುವಂಥ ಮಸುಕಲ್ಲ. ಹರಡುವುದು ಹೆಚ್ಚುಕಡಿಮೆ ಒಂದು ಪಿಕ್ಸೆಲ್‌ನಷ್ಟು ದೂರ, ಅಷ್ಟೇ. ಎಡಿಟಿಂಗ್‌ನಲ್ಲಿ ಶಾರ್ಪನಿಂಗ್ ಕೊಟ್ಟರೆ ಬಹುಪಾಲು ವಾಪಸ್ ಬರುತ್ತದೆ. ಮೊಆರೆ ಹಾಗಲ್ಲ. ಸುಳ್ಳು ಬಣ್ಣವನ್ನು ಸಾಫ್ಟ್‌ವೇರ್ ಒರೆಸಬಹುದು, ಆದರೆ ಅಲೆ ಎಲ್ಲಿ, ನಿಜವಾದ ನೇಯ್ಗೆ ಎಲ್ಲಿ ಎನ್ನುವುದು ಅದಕ್ಕೂ ಸರಿಯಾಗಿ ಗೊತ್ತಾಗುವುದಿಲ್ಲ. ಬಟ್ಟೆ, ಕಟ್ಟಡಗಳನ್ನೇ ಜಾಸ್ತಿ ತೆಗೆಯುವವರಿಗೆ ಫಿಲ್ಟರ್ ಇರುವ ಕ್ಯಾಮೆರಾವೇ ಲೇಸು ಅಂತ ನನ್ನ ಲೆಕ್ಕ. ಕಾಡು, ಬೆಟ್ಟ ತೆಗೆಯುವವರಿಗೆ ಅದಿಲ್ಲದಿದ್ದರೂ ನಡೆಯುತ್ತದೆ. ಎಲೆಗಳು ಅಷ್ಟು ಶಿಸ್ತಾಗಿ ಸಾಲು ನಿಲ್ಲುವುದಿಲ್ಲ.

2012ರಲ್ಲಿ ನಿಕಾನ್ ಒಂದೇ 36 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎರಡು ರೂಪದಲ್ಲಿ ತಂದಿತು: ಫಿಲ್ಟರಿನ ಮಸುಕಿರುವ ಡಿ800 ಮತ್ತು ಆ ಮಸುಕಿಲ್ಲದ ಡಿ800ಇ. ತಮಾಷೆಯೆಂದರೆ ಎರಡನೆಯದರಲ್ಲಿ ಫಿಲ್ಟರನ್ನು ಕಿತ್ತುಹಾಕಿರಲಿಲ್ಲ. ಒಂದು ಪದರ ಸೀಳಿದ ಕಿರಣವನ್ನು ಮತ್ತೊಂದು ಪದರ ಮತ್ತೆ ಕೂಡಿಸುತ್ತಿತ್ತು! 2014ರ ಡಿ810ರಲ್ಲಿ ಫಿಲ್ಟರ್ ಪೂರ್ತಿ ಹೋಯಿತು. ಪಿಕ್ಸೆಲ್ ಚಿಕ್ಕದಾದಷ್ಟೂ ಮೊಆರೆ ಬರಲು ಇನ್ನೂ ಸಣ್ಣ ಗೆರೆ ಬೇಕು. ಅಷ್ಟು ಸಣ್ಣದನ್ನು ಲೆನ್ಸೇ ಮಸುಕಾಗಿಸುವುದುಂಟು, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/16ರಷ್ಟು ಕಿರಿದಾದಾಗಲಂತೂ ಖಂಡಿತ.

2013ರ ಪೆಂಟಾಕ್ಸ್ ಕೆ-3 ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಫಿಲ್ಟರ್ ಇಲ್ಲ. ಬೇಕಾದಾಗ ಮೆನುವಿನಲ್ಲಿ ಆನ್ ಮಾಡಿದರೆ, ಫೋಟೋ ತೆಗೆಯುವ ಹೊತ್ತಿಗೆ ಸೆನ್ಸರನ್ನೇ ಒಂದು ಪಿಕ್ಸೆಲ್‌ಗಿಂತ ಕಡಿಮೆ ದೂರ ಅಲುಗಿಸಿ ಅದೇ ಮಸುಕನ್ನು ತರುತ್ತದೆ. ಕೈ ನಡುಕದಿಂದ ಫೋಟೋ ಕೆಡದಿರಲಿ ಎಂದು ಇಟ್ಟಿರುವ ಯಂತ್ರಾಂಗವೇ ಈ ನಡುಕವನ್ನೂ ಕೊಡುತ್ತದೆ.