ರೂಪಾಂತರ: ಇಲ್ಲಿರುವ ‘ಅಂತರ’ ದೂರವಲ್ಲ

‘ಕಾದಂಬರಿಯ ಯಥಾವತ್ ರೂಪಾಂತರ’ ಎಂಬ ಮಾತು ಸಿನಿಮಾ ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದೆ. ಮೆಚ್ಚಿದವರು ಹಾಗೆ ಬರೆಯುತ್ತಾರೆ. ಮೆಚ್ಚದವರು ‘ರೂಪಾಂತರದಲ್ಲಿ ಅಂತರ ಜಾಸ್ತಿಯಾಯಿತು’ ಎನ್ನುತ್ತಾರೆ. ಎರಡೂ ತಪ್ಪು. ಯಥಾವತ್ತಾಗಿದ್ದರೆ ಅದು ರೂಪಾಂತರವೇ ಅಲ್ಲ. ಇನ್ನು ಎರಡನೆಯ ಮಾತು ಪದದ ಬಾಲದಲ್ಲಿರುವ ‘ಅಂತರ’ವನ್ನು ದೂರ ಎಂದು ಓದಿಕೊಂಡದ್ದರಿಂದ ಹುಟ್ಟಿದ್ದು.

ಅಂತರಕ್ಕೆ ದೂರ, ವ್ಯತ್ಯಾಸ ಎಂಬ ಅರ್ಥ ಉಂಟು. ಸಸಿಗೂ ಸಸಿಗೂ ನಡುವೆ ಎರಡು ಅಡಿ ಅಂತರ ಬಿಡುತ್ತೇವೆ. ಆದರೆ ಇನ್ನೊಂದು ನಾಮಪದದ ಬೆನ್ನಿಗಂಟಿ ಸಮಾಸವಾದಾಗ ಅದು ಬಹುಮಟ್ಟಿಗೆ ‘ಬೇರೊಂದು’ ಎಂಬ ಅರ್ಥಕ್ಕೆ ತಿರುಗುತ್ತದೆ. ವ್ಯಾಕರಣದವರು ಬಿಡಿಸುವುದೂ ಹಾಗೆಯೇ: ಅನ್ಯತ್ ರೂಪಂ ರೂಪಾಂತರಮ್. ದೇಶಾಂತರ ಹೋದವನು ಬೇರೆ ದೇಶಕ್ಕೆ ಹೋದವನು. ಜನ್ಮಾಂತರದ ಪುಣ್ಯ ಎಂದರೆ ಬೇರೊಂದು ಜನ್ಮದ ಪುಣ್ಯ. ಪಕ್ಷಾಂತರ ಮಾಡಿದ ಶಾಸಕ ಎರಡು ಪಕ್ಷಗಳ ನಡುವಿನ ದೂರ ಅಳೆದು ಬಂದವನಲ್ಲ. ಇನ್ನೂ ಅನುಮಾನವಿದ್ದರೆ ‘ಮತಾಂತರ’ ಮತ್ತು ‘ಮತಗಳ ಅಂತರ’ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಮನುಷ್ಯ ಬೇರೆ ಧರ್ಮಕ್ಕೆ ಹೋದ, ಇನ್ನೊಂದರಲ್ಲಿ ಅಭ್ಯರ್ಥಿ ಗೆದ್ದ. ಮನ್ವಂತರದಂಥ ಅಪವಾದಗಳಿವೆ, ಅಲ್ಲಿ ಅದು ಕಾಲಾವಧಿ. ಆದರೆ ರೂಪಾಂತರ ಆ ಸಾಲಿನದಲ್ಲ.

ನಮ್ಮ ರಂಗಭೂಮಿಯಲ್ಲಿ ಈ ಪದ ಹಳೆಯದು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಕಥೆಯನ್ನು ಕುವೆಂಪು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು. ಅಲ್ಲಿ ಊರು, ಕಾಲ, ಹೆಸರು ಬೇರೆಯಾದವು, ನಾಟಕ ನಾಟಕವಾಗಿಯೇ ಉಳಿಯಿತು. ಕಾದಂಬರಿ ಸಿನಿಮಾ ಆಗುವಾಗ ಆಗುವುದು ಇದರ ತಿರುಗುಮುರುಗು: ಊರು, ಹೆಸರು ಅವೇ ಇರಬಹುದು, ಬೇರೆಯಾಗುವುದು ರೂಪವೇ. ಪದ ಅಕ್ಷರಶಃ ಸಲ್ಲುವುದು ಇಲ್ಲಿ. (ಡಬ್ಬಿಂಗ್ ಆದ ಚಿತ್ರವನ್ನು ‘ಕನ್ನಡಕ್ಕೆ ರೂಪಾಂತರಗೊಂಡಿದೆ’ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಅಲ್ಲಿ ಬದಲಾದದ್ದು ಮಾತು ಮಾತ್ರ.)

ಹೆಚ್ಚು ಜಗಳ ನಡೆದಿರುವ ಉದಾಹರಣೆಯನ್ನೇ ನೋಡೋಣ. ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಬಂತು, ಸಾವಿರ ಪುಟ ದಾಟುವ ಕಾದಂಬರಿ. ಕೇಡಿನ ಉಂಗುರವೊಂದನ್ನು ನಾಶಮಾಡಲು ಗಿಡ್ಡ ಜನಾಂಗದ, ಅಂದರೆ ಹಾಬಿಟ್ ಕುಲದ ಫ್ರೋಡೋ ಹೊರಡುವ ಕಥೆ. ಪೀಟರ್ ಜ್ಯಾಕ್ಸನ್ 2001ರಿಂದ 2003ರವರೆಗೆ ಮೂರು ಚಿತ್ರ ಮಾಡಿದರು: 178, 179 ಮತ್ತು 201 ನಿಮಿಷ, ಒಟ್ಟು ಒಂಬತ್ತು ಗಂಟೆ ಹದಿನೆಂಟು ನಿಮಿಷ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಎಂಬುದು ಆ ಕಸುಬಿನ ಅಂದಾಜು ಲೆಕ್ಕ. ಅಂದರೆ ಮೂರೂ ಸೇರಿ ಸುಮಾರು 560 ಪುಟದ ಜಾಗ, ಅದರಲ್ಲೂ ಯುದ್ಧ, ಪಯಣ, ಮೌನ ಎಲ್ಲ ಹಿಡಿಸಬೇಕು. ‘ಏನೇನು ಬಿಟ್ಟರು’ ಎಂದು ಪಟ್ಟಿ ಮಾಡಿ ಕೂತರೆ ಪಟ್ಟಿ ಮುಗಿಯುವುದಿಲ್ಲ, ಅದರಿಂದ ತಿಳಿಯುವುದೂ ಕಡಿಮೆ. ಕೇಳಬೇಕಾದದ್ದು, ಒಂದು ವಸ್ತು ಎಲ್ಲಿಂದ ಎದ್ದು ಎಲ್ಲಿ ಹೋಗಿ ಕೂತಿತು ಎಂದು.

ಮೊದಲ ಚಿತ್ರ ತೆರೆದುಕೊಳ್ಳುವುದು ಕತ್ತಲೆಯಲ್ಲಿ, ಎಲ್ಫ್ ಎಂಬ ಸಾವಿಲ್ಲದ ಜನಾಂಗದ ಒಡತಿ ಗೆಲಾಡ್ರಿಯಲ್ ದನಿಯಲ್ಲಿ: ಲೋಕ ಬದಲಾಗುತ್ತಿರುವುದು ನೀರಿನಲ್ಲಿ, ಮಣ್ಣಿನಲ್ಲಿ, ಗಾಳಿಯಲ್ಲಿ ತಿಳಿಯುತ್ತಿದೆ ಎಂಬ ಮಾತು. ಕಾದಂಬರಿಯಲ್ಲಿ ಅದು ಕೊನೆಯ ಸಂಪುಟದಲ್ಲಿ, ಯುದ್ಧವೆಲ್ಲ ಮುಗಿದ ಮೇಲೆ, ಮರದಂಥ ಮುದುಕ ಟ್ರೀಬಿಯರ್ಡ್ ಬೀಳ್ಕೊಡುವಾಗ ಆಡುವುದು. ಯಾರಿಗೆ? ಗೆಲಾಡ್ರಿಯಲ್ ದಂಪತಿಗೆ. ಕೇಳಿಸಿಕೊಂಡವಳ ಬಾಯಿಗೆ ಮಾತು ಬಂತು, ವಿದಾಯ ಮುನ್ನುಡಿಯಾಯಿತು. ಮಾತು ಹೆಚ್ಚುಕಡಿಮೆ ಅದೇ, ರೂಪ ಪೂರ್ತಿ ಬೇರೆ. ರೂಪಾಂತರ ಎಂದರೇನು ಎಂದು ತೋರಿಸಲು ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ.

ಒಂದು ಕಲ್ಲು ಜರುಗಿಸಿದರೆ ಪಕ್ಕದ್ದೂ ಅಲುಗುತ್ತದೆ. ಶೆಲಾಬ್ ಎಂಬ ಜೇಡದ ಪ್ರಸಂಗ ಎರಡನೇ ಸಂಪುಟದ ಕೊನೆಯಲ್ಲಿದೆ, ಚಿತ್ರದಲ್ಲಿ ಮೂರನೇ ಭಾಗಕ್ಕೆ ಹೋಯಿತು. ಅಭಿಮಾನಿಗಳು ರೇಗಿದರು. ಆದರೆ ಟೋಲ್ಕಿನ್ ಅನುಬಂಧದಲ್ಲಿ ಕೊಟ್ಟ ತಾರೀಖುಪಟ್ಟಿ ನೋಡಿ: ಎರಡನೇ ಚಿತ್ರದ ಕೊನೆಗೆ ಬರುವ ಹೆಲ್ಮ್ಸ್ ಡೀಪ್ ಕೋಟೆಯ ಕದನ ಮಾರ್ಚ್ 3ರ ರಾತ್ರಿ, ಜೇಡ ಕುಟುಕಿದ ಮೇಲೆ ಫ್ರೋಡೋ ಸೆರೆಯಾಗುವುದು ಮಾರ್ಚ್ 13ರಂದು. ಕಾದಂಬರಿ ಎರಡು ಎಳೆಗಳನ್ನು ಬೇರೆ ಬೇರೆಯಾಗಿ ಹೇಳಬಲ್ಲದು. ಚಿತ್ರ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುತ್ತಾ ಹೇಳಬೇಕು, ಆಗ ತಾರೀಖು ಹೊಂದಲೇಬೇಕು. ಜೇಡ ಮುಂದಕ್ಕೆ ಹೋದದ್ದರಿಂದ ಎರಡನೇ ಚಿತ್ರದಲ್ಲಿ ಫ್ರೋಡೋನ ಎಳೆಗೆ ಕೊನೆಯ ಏಟು ಇಲ್ಲವಾಯಿತು. ಅದನ್ನು ತುಂಬಿಸಿಕೊಟ್ಟವನು ದಾರಿಯಲ್ಲಿ ಎದುರಾಗುವ ಸೇನಾನಿ ಫಾರಮಿರ್. ಪುಸ್ತಕದಲ್ಲಿ ಉಂಗುರವನ್ನು ಬೇಡ ಎಂದವನು ಚಿತ್ರದಲ್ಲಿ ಫ್ರೋಡೋನನ್ನು ಓಸ್ಗಿಲಿಯಾಥ್ ಎಂಬ ಪಾಳುನಗರದವರೆಗೆ ಎಳೆದೊಯ್ಯುತ್ತಾನೆ. ಲೆಕ್ಕ ಸರಿಯಿದೆ, ಬೆಲೆ ದೊಡ್ಡದು: ಕಾದಂಬರಿಯ ಅತ್ಯಂತ ಸಜ್ಜನ ಪಾತ್ರವೊಂದು ಸಾಮಾನ್ಯನಾಯಿತು.

ಗಾಯಗೊಂಡ ಫ್ರೋಡೋನ ನೆರವಿಗೆ ಬರುವ ಎಲ್ಫ್ ವೀರ ಗ್ಲೋರ್ಫಿಂಡೆಲ್‌ನ ಕೆಲಸ ಚಿತ್ರದಲ್ಲಿ ಎಲ್ಫ್ ಕನ್ಯೆ ಆರ್ವೆನ್‌ಗೆ ಹೋದದ್ದನ್ನೂ ಹೀಗೇ ತೂಗಬೇಕು. ಅವಳ ಪ್ರೇಮಕಥೆ ಬಹುಪಾಲು ಅನುಬಂಧದಲ್ಲಿ ಹುದುಗಿದೆ, ಅವಳು ಬೇಗ ತೆರೆಗೆ ಬರಲೇಬೇಕಿತ್ತು. ಆದರೆ ಪುಸ್ತಕದಲ್ಲಿ ಗಾಯಗೊಂಡ ಫ್ರೋಡೋ ಕುದುರೆಯ ಮೇಲೆ ಒಬ್ಬನೇ ಹೊಳೆ ದಾಟಿ, ಕತ್ತಿ ಎತ್ತಿ ಉಂಗುರಕ್ಕಾಗಿ ಬೆನ್ನಟ್ಟಿದ ಒಂಬತ್ತು ಸವಾರರಿಗೆ ಎದುರು ನಿಲ್ಲುತ್ತಾನೆ. ಚಿತ್ರದಲ್ಲಿ ಆ ಧೈರ್ಯವೂ ಆರ್ವೆನ್‌ಳ ಪಾಲಾಯಿತು, ಅವನು ಹೊರೆಯಾಗಿ ಉಳಿದ. ಕಾಡಿನಲ್ಲಿ ಎದುರಾಗುವ ಟಾಮ್ ಬಾಂಬಡಿಲ್ ಎಂಬ ಪಾತ್ರವನ್ನೇ ಕೈಬಿಟ್ಟಿದ್ದಕ್ಕಿಂತ ಈ ನಷ್ಟ ದೊಡ್ಡದು.

ಬಿಡುವುದೂ ರೂಪ ಕೊಡುವ ಕೆಲಸವೇ. ಕಾದಂಬರಿಯ ಕೊನೆಯಲ್ಲಿ ಹಾಬಿಟ್‌ಗಳು ಊರಿಗೆ ಮರಳಿದರೆ ಊರೇ ಹಾಳಾಗಿರುತ್ತದೆ, ಮತ್ತೆ ಹೋರಾಡಬೇಕಾಗುತ್ತದೆ. ಚಿತ್ರ ಇದನ್ನು ಬಿಟ್ಟಿತು. ಬದಲಿಗೆ ಊರ ಮದ್ಯದಂಗಡಿಯ ಒಂದು ಚಿಕ್ಕ ದೃಶ್ಯ: ಸುತ್ತಲಿನವರಿಗೆ ಒಂದು ಭಾರೀ ಕುಂಬಳಕಾಯಿಯದೇ ಸಂಭ್ರಮ. ಲೋಕ ಉಳಿಸಿ ಬಂದ ನಾಲ್ವರು ಮೇಜಿನ ಸುತ್ತ ಕೂತು ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡಿ ಲೋಟ ತಾಗಿಸುತ್ತಾರೆ. ಯುದ್ಧ ಮನೆಗೂ ಬಂತು ಎಂದಿತ್ತು ಪುಸ್ತಕ, ಮನೆಗೆ ಯುದ್ಧದ ಸುದ್ದಿಯೇ ಇಲ್ಲ ಎನ್ನುತ್ತದೆ ಚಿತ್ರ. ಇಲ್ಲಿ ದೂರ ಅಳೆಯಲು ಹೊರಟವರಿಗೆ ಒಂದು ಅಧ್ಯಾಯ ಕಾಣೆಯಾದದ್ದಷ್ಟೇ ಕಾಣುತ್ತದೆ.

ಇನ್ನು ‘ಲೇಖಕರ ಆಶಯಕ್ಕೆ ನಿಷ್ಠೆ’ ಎಂಬ ವಾದ. ಟೋಲ್ಕಿನ್ ಈ ಬಗ್ಗೆ ಬರೆದಿಟ್ಟಿದ್ದಾರೆ. 1958ರಲ್ಲಿ ತಮ್ಮ ಮುಂದೆ ಬಂದ ಚಿತ್ರಕಥೆಯ ಕರಡಿಗೆ ಅವರು ಬರೆದ ಉದ್ದನೆಯ ಟಿಪ್ಪಣಿಯಲ್ಲಿ, ಕೆಟ್ಟ ಚಿತ್ರಗಳು ಸೋಲುವುದು ಮೂಲದ ತಿರುಳು ಎಲ್ಲಿದೆ ಎಂದು ಕಾಣದೆ ಅತಿಶಯ ಮಾಡುವುದರಿಂದ, ಬೇಡದ್ದನ್ನು ತುರುಕುವುದರಿಂದ ಎಂದಿದ್ದಾರೆ. ಕತ್ತರಿಸುವುದಕ್ಕೆ ಅವರ ತಕರಾರಿರಲಿಲ್ಲ. ಎಂಟ್‌ಗಳು (ಟ್ರೀಬಿಯರ್ಡ್‌ನಂಥ ಮರದ ಜನ) ಮತ್ತು ಹೆಲ್ಮ್ಸ್ ಡೀಪ್ ಕೋಟೆಯ ಕದನ ಎರಡಕ್ಕೂ ಸಾಕಷ್ಟು ಜಾಗ ಸಿಗದಿದ್ದರೆ ಒಂದನ್ನು ಬಿಡಿ, ಬಿಡಬೇಕಾದದ್ದು ಕದನವನ್ನು ಎಂದು ಸ್ಪಷ್ಟವಾಗಿ ಬರೆದರು. ಕಾದಂಬರಿಯಲ್ಲಿ ಒಂದೇ ಅಧ್ಯಾಯವಾಗಿದ್ದ ಆ ಕದನ ಜ್ಯಾಕ್ಸನ್ ಅವರ ಎರಡನೇ ಚಿತ್ರದ ಶಿಖರವಾಯಿತು, ಪುಸ್ತಕದಲ್ಲಿಲ್ಲದ ಎಲ್ಫ್ ಪಡೆಯೊಂದು ಅಲ್ಲಿಗೆ ಬಂದು ಸೇರಿತು.