ಮಳೆ ರಜೆಯಲ್ಲಿ ಮಗ ಎಷ್ಟು ಹೊತ್ತು ಗೇಮ್ ಆಡಬಹುದು?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ತೋಟದ ಮನೆ. ಮಗ ಏಳನೇ ಕ್ಲಾಸು. ಜುಲೈ ಬಂತೆಂದರೆ ರಜೆ ಮೇಲೆ ರಜೆ. ಹೊರಗೆ ಕಾಲಿಡೋಕೆ ಆಗಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಫೋನಿನಲ್ಲಿ ಗೇಮ್. ದಿನಕ್ಕೆ ಎಷ್ಟು ಗಂಟೆ ಬಿಡಬಹುದು? ಪೂರ್ತಿ ನಿಲ್ಲಿಸಿಬಿಡಬೇಕಾ?

ಉತ್ತರ: ಪೂರ್ತಿ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಈ ಪ್ರಶ್ನೆ ವಿರಾಜಪೇಟೆಯಿಂದಲೂ ಬರುತ್ತದೆ, ಭಾಗಮಂಡಲದಿಂದಲೂ ಬರುತ್ತದೆ. ಎಲ್ಲರಿಗೂ ಬೇಕಿರುವುದು ಒಂದು ಸಂಖ್ಯೆ. ತೀರಾ ಚಿಕ್ಕ ಮಕ್ಕಳಿಗಾದರೆ ಅದು ಇದೆ: 2ರಿಂದ 4 ವರ್ಷದವರು ಕೂತು ಸ್ಕ್ರೀನ್ ನೋಡುವುದು ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿಮ್ಮ ಮಗನ ವಯಸ್ಸಿಗೆ ಅದು ಅಂಥ ಗೆರೆ ಎಳೆದಿಲ್ಲ.

ಹಾಗಾಗಿ ನಾನು ಲೆಕ್ಕವನ್ನು ನಿದ್ದೆಯಿಂದ ಶುರು ಮಾಡುತ್ತೇನೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. 13 ದಾಟಿದವರಿಗೆ 8ರಿಂದ 10 ಗಂಟೆ. ಅದರ ಮೇಲೆ ಒಂದು ಗಂಟೆ ಮೈ ಬೆವರುವ ಹಾಗೆ ಆಟವೋ ಕೆಲಸವೋ ಆಗಬೇಕು. ಊಟ, ಓದು, ಮನೆಯವರ ಜೊತೆ ಮಾತು ಇದ್ದೇ ಇದೆ. ಇಷ್ಟೂ ಸರಿಯಾಗಿ ನಡೆದ ರಜೆ ದಿನ, ನಡುವೆ ಬಿಡುವು ಕೊಟ್ಟು ಎರಡು ಗಂಟೆ ಆಡಿದರೆ ನನಗೆ ತಕರಾರಿಲ್ಲ. ಶಾಲೆ ಇರುವ ದಿನ ಒಂದು ಗಂಟೆ. ಇದು ನನ್ನ ಅಂದಾಜು. ನಿಮ್ಮ ಮನೆಗೆ ತಕ್ಕ ಹಾಗೆ ಆಚೀಚೆ ಮಾಡಿಕೊಳ್ಳಿ.

ನಮ್ಮಲ್ಲಿ ನಿದ್ದೆ ಕೆಡುವುದು ಹೇಗೆ ಗೊತ್ತಲ್ಲ? ನಾಳೆ ರಜೆಯೋ ಇಲ್ಲವೋ ಎಂಬ ಮೆಸೇಜ್ ಕಾಯುತ್ತಾ. ಒಂಬತ್ತಾದರೂ ಬರಲಿಲ್ಲ, ಹೇಗೂ ಕೊಟ್ಟೇ ಕೊಡ್ತಾರೆ ಎಂದು ಇನ್ನೊಂದು ಮ್ಯಾಚ್ ಶುರು. ಅಲ್ಲಿಗೆ ಹನ್ನೊಂದು ಗಂಟೆ. ಆಮೇಲೆ ಚಳಿ ಎಂದು ಕಂಬಳಿಯೊಳಗೆ ಫೋನ್, ಫೋನಿಗೆ ಚಾರ್ಜರ್. ನನಗೆ ಹೆಚ್ಚು ಭಯ ಇದರದ್ದೇ. ಗೇಮ್ ಆಡುವಾಗ ಫೋನ್ ಬಿಸಿಯಾಗುತ್ತದೆ, ಚಾರ್ಜ್ ಆಗುವಾಗಲೂ ಬಿಸಿಯಾಗುತ್ತದೆ. ಎರಡೂ ಸೇರಿ, ಮೇಲೆ ಕಂಬಳಿ ಹೊದಿಸಿದರೆ ಆ ಬಿಸಿ ಹೋಗಲು ದಾರಿಯೇ ಇಲ್ಲ. ಬ್ಯಾಟರಿ ಉಬ್ಬಿ ಫೋನಿನ ಹಿಂಬದಿ ಸ್ವಲ್ಪ ಎದ್ದಂತೆ ಕಂಡರೂ ಆ ಫೋನನ್ನು ಚಾರ್ಜಿಗೆ ಹಾಕಬೇಡಿ. ಸೀದಾ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋಗಿ.

ನಿಮ್ಮ ಮನೆಯಲ್ಲಿ ಒಂದೇ ಒಂದು ನಿಯಮ ತರಲು ಸಾಧ್ಯವಾದರೆ ಇದನ್ನು ತನ್ನಿ: ರಾತ್ರಿ ಒಂಬತ್ತಕ್ಕೆ ಫೋನುಗಳೆಲ್ಲ ಹಾಲ್‌ನ ಮೇಜಿನ ಮೇಲೆ. ರಜೆ ಇರಲಿ, ಇಲ್ಲದಿರಲಿ. ಅಪ್ಪ ಅಮ್ಮನ ಫೋನೂ ಅಲ್ಲೇ. (ಅಪ್ಪ ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಮಗನಿಗೆ ಬುದ್ಧಿ ಹೇಳಿದರೆ ಅವನು ಕೇಳುತ್ತಾನಾ?)

ಹಗಲು ನಿಲ್ಲಿಸುವ ವಿಷಯದಲ್ಲಿ ಒಂದು ಮಾತು. ತಂಡ ಕಟ್ಟಿಕೊಂಡು ಆಡುವ ಗೇಮ್‌ನಲ್ಲಿ ಒಂದು ಮ್ಯಾಚ್ ಅರ್ಧ ಗಂಟೆ ಹಿಡಿಯಬಹುದು. ಮಧ್ಯದಲ್ಲಿ ಫೋನ್ ಕಿತ್ತುಕೊಂಡರೆ ಜೊತೆಗಾರರ ಮುಂದೆ ಅವನ ಮರ್ಯಾದೆ ಹೋಗುತ್ತದೆ, ಮನೆಯಲ್ಲಿ ಜಗಳ ಗ್ಯಾರಂಟಿ. ಗಂಟೆ ಬಿಟ್ಟು ಮ್ಯಾಚ್ ಲೆಕ್ಕ ಹಾಕಿ. 'ಎರಡು ಮ್ಯಾಚ್, ಆಮೇಲೆ ಊಟ' ಎಂದು ಶುರುವಾಗುವ ಮೊದಲೇ ಹೇಳಿ. ಕೆಲವು ಗೇಮ್‌ಗಳಲ್ಲೇ ಮಿತಿ ಇರುತ್ತದೆ. ಬಿಜಿಎಂಐ ಎಂಬ ಶೂಟಿಂಗ್ ಗೇಮ್ ನಿಷೇಧದ ನಂತರ 2023ರಲ್ಲಿ ವಾಪಸ್ ಬಂದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆ ಎಂದಿತ್ತು. ಆದರೆ ಅಪ್ಪನ ಅಕೌಂಟ್‌ನಲ್ಲಿ ಆಡಿದರೆ ಅಂಥ ಮಿತಿಯಿಂದ ಏನು ಪ್ರಯೋಜನ? ಮಕ್ಕಳ ಫೋನಿಗೆ ಅಪ್ಪ ಅಮ್ಮ ಮಿತಿ ಹಾಕಬಹುದಾದ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ ಮಗನಿಗೆ ಅವನದೇ ವಯಸ್ಸಿನ ಅಕೌಂಟ್ ಮಾಡಿಕೊಡಿ.

ಇನ್ನು ಕರೆಂಟು. ಜೂನ್-ಜುಲೈನಲ್ಲಿ ನಮ್ಮಲ್ಲಿ ಗಾಳಿ ಮಳೆಯೇ ಜಾಸ್ತಿ, ಸಿಡಿಲು ಕಡಿಮೆ. ಸಿಡಿಲಿನ ಕಾಲ ಏಪ್ರಿಲ್-ಮೇ, ಮತ್ತೆ ಅಕ್ಟೋಬರ್. ಗುಡುಗು ಕೇಳಿದ ಕೂಡಲೇ ಟಿವಿ, ಪ್ಲೇಸ್ಟೇಷನ್, ಕಂಪ್ಯೂಟರ್, ರೂಟರ್ ಎಲ್ಲದರ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಫೈಬರ್ ಎಳೆ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ರೂಟರಿನ ಅಡಾಪ್ಟರ್ ಇರುವುದು ಗೋಡೆಯ ಪ್ಲಗ್ಗಿನಲ್ಲೇ ಅಲ್ವಾ? ಕೊನೆಯ ಗುಡುಗು ಕೇಳಿ 30 ನಿಮಿಷ ಆದಮೇಲೆ ಮತ್ತೆ ಹಾಕಿ. ಚಾರ್ಜರ್‌ಗೆ ಸಿಕ್ಕಿಸದ ಫೋನಿಗೆ ಈ ತೊಂದರೆ ಇಲ್ಲ. ಮಳೆಗಾಲದ ಕಾಟ ಬೇರೆ: ಲೈನಿನ ಮೇಲೆ ಮರ ಬಿದ್ದು ಹೋದ ಕರೆಂಟ್ ವಾಪಸ್ ಬರುವಾಗ ವೋಲ್ಟೇಜ್ ಏರುಪೇರಾಗುತ್ತದೆ. ಬಂದು ಐದು ನಿಮಿಷ ಬಿಟ್ಟು ಆನ್ ಮಾಡಿ. ಬಟ್ಟೆ ಒಣಗಿಸುವ ಹೀಟರನ್ನೂ ಗೇಮ್ ಸಾಮಾನನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಬೇಡಿ.

ಮತ್ತೊಂದು. ಮಳೆ ತೀರಾ ಜೋರಾಗಿರುವ ದಿನ ಫೋನಿನಲ್ಲಿ ಚಾರ್ಜ್ ಉಳಿದಿರಬೇಕು. ಗೇಮ್ ಆಡಿ ಬ್ಯಾಟರಿ ಖಾಲಿ ಮಾಡಿಕೊಂಡರೆ ರಾತ್ರಿ ಒಂದು ಕರೆ ಮಾಡಲೂ ಆಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಪ್ರವಾಹ, ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ದಿನ ಚೌಕಾಬಾರ ಆಡಲಿ.

ಕಣ್ಣಿಗೆ ಬರೋಣ. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ, ಅದಕ್ಕೇ ಉರಿ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನದನ್ನು 20 ಸೆಕೆಂಡ್ ನೋಡಬೇಕು. ತೋಟದ ಮನೆಯಲ್ಲಿ ಇದಕ್ಕೇನು ಕಷ್ಟ, ಜಗಲಿಗೆ ಬಂದು ಎದುರಿನ ಸಿಲ್ವರ್ ಮರ ನೋಡಿದರಾಯಿತು. ಮಕ್ಕಳು ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ದೂರದ್ದು ಮಸುಕಾಗುವ ದೋಷ ಬರುವ ಸಾಧ್ಯತೆ ಕಡಿಮೆ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮಳೆ ಬಿಟ್ಟಾಗ ಹಾಕಿ ಸ್ಟಿಕ್ ಕೊಟ್ಟು ಅಂಗಳಕ್ಕೆ ಕಳಿಸಿ. ಕತ್ತಲೆಯಲ್ಲಿ ಆಡುವುದು ಬೇಡ. ಹೆಡ್‌ಫೋನ್ ಸೌಂಡ್ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು.

ಗೇಮ್‌ನಲ್ಲಿ ಪರಿಚಯವಾದವರಿಗೆ ಊರು, ಶಾಲೆ, ಫೋಟೋ, ಒಟಿಪಿ ಯಾವುದನ್ನೂ ಕೊಡಬಾರದು ಎಂದು ಮಗನಿಗೆ ಹೇಳಿ. ಯುಪಿಐ ಪಿನ್ ಅವನಿಗೆ ಗೊತ್ತಿರುವುದೇ ಬೇಡ. ಮೋಸದಿಂದ ದುಡ್ಡು ಹೋದರೆ ಬೈಯುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಸಿಗುವುದು ಕಷ್ಟ.

'ಇದು ಚಟವಾ?' ಎಂದೂ ಹಲವರು ಕೇಳುತ್ತಾರೆ. ಮಳೆಯಲ್ಲಿ ಬೇರೆ ದಾರಿಯಿಲ್ಲದೆ ಆಡುವುದು ಚಟವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆದರೆ ನಿಲ್ಲಿಸಲಾಗದೆ, ಓದು, ಸ್ನೇಹ, ಮನೆ ಎಲ್ಲ ಕೆಟ್ಟರೂ ಆಡುತ್ತಲೇ ಇರುವುದು ಸಾಮಾನ್ಯವಾಗಿ 12 ತಿಂಗಳಾದರೂ ಕಂಡಿರಬೇಕು ಎನ್ನುತ್ತದೆ. ಬಿಸಿಲು ಬಂದಮೇಲೂ ಅವನು ಗೆಳೆಯರ ಜೊತೆ ಹೊರಗೆ ಹೋಗದಿದ್ದರೆ, ಊಟ ಬಿಟ್ಟರೆ, ಸುಳ್ಳು ಹೇಳತೊಡಗಿದರೆ, ವರ್ಷ ತುಂಬಲಿ ಎಂದು ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಕರೆ ಮಾಡುವ ಮೊದಲು ಅವನು ಮಲಗಿದ್ದು, ಎದ್ದಿದ್ದು, ಆಡಿದ್ದು ಎಷ್ಟು ಹೊತ್ತಿಗೆ ಎಂದು ಒಂದು ವಾರ ಬರೆದಿಡಿ. ಅವರು ಕೇಳುವ ಪ್ರಶ್ನೆಗಳಿಗೆ ಅದು ಬೇಕಾಗುತ್ತದೆ.