ಆರ್‌ಸಿ ಕಳೆದ ಹಳೇ ಯೆಜ್ಡಿ ಸಿಗ್ತಿದೆ, ಕೊಳ್ಳಬಹುದಾ?

ಓದುಗರ ಪ್ರಶ್ನೆ: ನಮ್ಮೂರ ಹತ್ತಿರ ಒಬ್ಬರ ಕೊಟ್ಟಿಗೆಯಲ್ಲಿ ಯೆಜ್ಡಿ ರೋಡ್‌ಕಿಂಗ್ ಬೈಕೊಂದು ವರ್ಷಗಟ್ಟಲೆಯಿಂದ ನಿಂತಿದೆ. ಎಂಜಿನ್ ಜಾಮ್. ಆರ್‌ಸಿ ಎಲ್ಲೋ ಕಳೆದಿದೆ ಅಂತಾರೆ. ‘ವಿಂಟೇಜ್ ಗಾಡಿ ಅಲ್ವಾ, ಹೊಸದಾಗಿ ರಿಜಿಸ್ಟರ್ ಮಾಡಿಸಿದ್ರಾಯ್ತು’ ಅಂತ ಬ್ರೋಕರ್ ಹೇಳ್ತಿದ್ದಾರೆ. ಕೊಳ್ಳಬಹುದಾ?

ಉತ್ತರ: ಎಂಜಿನ್ ಜಾಮ್ ಆಗಿರುವುದು ದೊಡ್ಡ ವಿಷಯವೇ ಅಲ್ಲ. ಆರ್‌ಸಿ ಕಳೆದಿರುವುದಕ್ಕೂ ದಾರಿ ಇದೆ. ಆದರೆ ಬ್ರೋಕರ್ ಹೇಳಿದ ಆ ಕೊನೇ ಮಾತು ಇದೆಯಲ್ಲ, ಅದನ್ನು ಮಾತ್ರ ನಂಬಬೇಡಿ.

ಮೊದಲು ‘ವಿಂಟೇಜ್’ ಅನ್ನುವ ಪದ ನೋಡೋಣ. ಮಾರಾಟದ ಜಾಹೀರಾತುಗಳಲ್ಲಿ 90ರ ದಶಕದ ಸ್ಕೂಟರಿಗೂ ಈ ಪದ ಅಂಟಿಸುತ್ತಾರೆ. ಕಾನೂನಿನಲ್ಲಿ ಅದಕ್ಕೆ ಗಟ್ಟಿ ಅರ್ಥ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು, ಬಾಡಿಗೆಗೆ ಓಡಿಸುವ ಗಾಡಿ ಆಗಿರಬಾರದು. ರೋಡ್‌ಕಿಂಗ್ ಬಂದದ್ದೇ 1978ರಲ್ಲಿ. ಲೆಕ್ಕ ಹಾಕಿ: 2028ಕ್ಕಿಂತ ಮುಂಚೆ ಯಾವ ರೋಡ್‌ಕಿಂಗೂ ವಿಂಟೇಜ್ ಆಗಲು ಸಾಧ್ಯವಿಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದಲೇ 60ರ ದಶಕದಲ್ಲಿ ಹೊರಬಂದ ಜಾವಾಗಳಿಗೆ ಈ ದಾರಿ ತೆರೆದಿದೆ, ನಿಮ್ಮ ಕೊಟ್ಟಿಗೆ ಗಾಡಿಗೆ ಇನ್ನೂ ಇಲ್ಲ.

ತೆರೆದಿದ್ದರೂ ಎಲ್ಲರಿಗೂ ಅದು ಬೇಕಾಗುವುದಿಲ್ಲ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಆಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಹಳೆಯ ನಂಬರ್ ಇರುವ ಗಾಡಿ ಅದನ್ನೇ ಉಳಿಸಿಕೊಳ್ಳಬಹುದು. ಇಷ್ಟೆಲ್ಲ ಆದ ಮೇಲೆ ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ಹೋಗಿ ಬರುವುದು, ಹೀಗೆ ಕೆಲವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ ಅನುಮತಿ ಇಲ್ಲ. ಭಾನುವಾರ ಬೆಳಗ್ಗೆ ಸುಮ್ನೆ ಒಂದು ರೌಂಡ್ ಹೋಗಿ ತಿಂಡಿ ತಿಂದು ಬರುವ ಆಸೆ ಇದ್ದರೆ ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ವಾಸಿ.

ಇನ್ನು ಕಳೆದ ಆರ್‌ಸಿ. ಗಾಡಿಯ ನಂಬರ್ ಪ್ಲೇಟ್ ಓದಲು ಬರುವಂತಿದೆಯಾ? ಕೆಎ ಸರಣಿ ಬರುವ ಮೊದಲಿನ ಸಿಎ ನಂಬರ್ ಆಗಿದ್ದರೆ ಮೊಬೈಲ್ ಆಪ್‌ನಲ್ಲಿ ಹುಡುಕಿದಾಗ ‘ದಾಖಲೆ ಇಲ್ಲ’ ಅಂತ ಬರಬಹುದು. ಗಾಬರಿ ಬೇಡ. ಆ ಕಾಲದ ಎಷ್ಟೋ ದಾಖಲೆ ಆರ್‌ಟಿಒ ಕಚೇರಿಯ ದಪ್ಪ ಪುಸ್ತಕದಲ್ಲೇ ಉಳಿದಿದೆ, ಕಂಪ್ಯೂಟರಿಗೆ ಹತ್ತಿಲ್ಲ. ಆ ಪುಸ್ತಕದಿಂದ ತೆಗೆಸುವ ನಕಲಿಗೇ ಎಲ್ಲರೂ ‘ಬಿ ಎಕ್ಸ್‌ಟ್ರ್ಯಾಕ್ಟ್’ ಅನ್ನುವುದು. ಮಾಲೀಕರ ಹೆಸರು, ಚಾಸಿ ನಂಬರ್, ಎಂಜಿನ್ ನಂಬರ್, ಸಾಲ ಇದ್ದರೆ ಬ್ಯಾಂಕಿನ ಹೆಸರು, ಎಲ್ಲ ಅದರಲ್ಲಿರುತ್ತದೆ. ನನ್ನ ಕೇಳಿದರೆ, ಇದು ಕೈಗೆ ಬರುವ ತನಕ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ.

ಅದು ಬಂದ ಮೇಲೆ ಗಾಡಿ ಹತ್ತಿರ ಹೋಗಿ. ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್, ಥಿನ್ನರ್ ಅದ್ದಿದ ಬಟ್ಟೆ ಸಾಕು. ಹ್ಯಾಂಡಲ್ ಕೆಳಗೆ ಫ್ರೇಮಿನ ಕುತ್ತಿಗೆ ಹತ್ತಿರ ಒರೆಸಿ, ಹಾಳೆ ಒತ್ತಿ ಹಿಡಿದು ಪೆನ್ಸಿಲ್ ಅಡ್ಡಡ್ಡ ಉಜ್ಜಿ. ಚಾಸಿ ನಂಬರ್ ಹಾಳೆಯ ಮೇಲೆ ಮೂಡುತ್ತದೆ. ಅಂಕಿಗಳು ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ ಇವೆಯಾ? ಸುತ್ತ ಉಜ್ಜಿದ ಗೆರೆ, ವೆಲ್ಡಿಂಗ್ ಗಂಟು ಕಾಣುತ್ತದಾ?

ಇಷ್ಟು ಹೇಳುವುದಕ್ಕೆ ಕಾರಣ ಇದೆ. ನಾನು ಮೊದಲು ಕೊಂಡ ಯೆಜ್ಡಿ ಮರೂನ್ ಬಣ್ಣದಲ್ಲಿ ಫಳಫಳ ಅಂತಿತ್ತು. ಟ್ಯಾಂಕಿನ ಕ್ರೋಮಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮುಖ ನೋಡಿಕೊಂಡೇ ದುಡ್ಡು ಕೊಟ್ಟೆ. ಎರಡು ವಾರ ಆದ ಮೇಲೆ ಮೆಕ್ಯಾನಿಕ್ ಕುತ್ತಿಗೆ ಹತ್ತಿರ ಬಣ್ಣ ಕೆರೆದ. ಕೊನೆಯ ಎರಡು ಅಂಕಿ ಉಳಿದವಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೂತಿದ್ದವು. ಯಾರೋ ಉಜ್ಜಿ ಮತ್ತೆ ಹೊಡೆದಿದ್ದರು. ಆ ಗಾಡಿ ನನ್ನ ಹೆಸರಿಗೆ ಆಗಲೇ ಇಲ್ಲ. ಅವತ್ತಿನಿಂದ ಹೊಸ ಪೇಂಟ್ ಹೊಡೆದ ಹಳೇ ಗಾಡಿ ಕಂಡರೆ ನನಗೆ ಅನುಮಾನವೇ ಜಾಸ್ತಿ. ತುಕ್ಕು ಹಿಡಿದ ಗಾಡಿ ಸುಳ್ಳು ಹೇಳುವುದು ಕಡಿಮೆ.

ಎಂಜಿನ್ ನಂಬರ್ ಬೇರೆ ಬಂದರೆ? ಹಳೇ ಗಾಡಿಗಳಲ್ಲಿ ಗುಜರಿಯಿಂದ ಎಂಜಿನ್ ತಂದು ಕೂರಿಸಿದ್ದು ಬೇಕಾದಷ್ಟಿದೆ. ಬದಲಾಯಿಸಿದ್ದು ಆರ್‌ಟಿಒ ದಾಖಲೆಯಲ್ಲಿ ಎಂಟ್ರಿ ಆಗಿದ್ದರೆ ಸರಿ, ಇಲ್ಲದಿದ್ದರೆ ತಾಪತ್ರಯ. ಚಾಸಿ ನಂಬರ್ ತಾಳೆ ಆಗದಿದ್ದರೆ ಮಾತೇ ಇಲ್ಲ, ಮನೆಗೆ ಬನ್ನಿ.

ನಂಬರೆಲ್ಲ ಸರಿ ಇದ್ದು, ಹೆಸರು ತೀರಿಹೋದ ಅಜ್ಜನದ್ದಾಗಿದ್ದರೆ (ಬಹಳ ಸಲ ಹಾಗೇ ಇರುತ್ತದೆ) ಮೊದಲು ಮನೆಯವರ ಹೆಸರಿಗೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರದ ಜೊತೆ ಫಾರಂ 31. ಕಳೆದ ಆರ್‌ಸಿ ಬದಲು ನಕಲು ಪಡೆಯಲು ಪೊಲೀಸ್ ದೂರಿನ ಪ್ರತಿ ಜೊತೆ ಫಾರಂ 26. ಇದನ್ನೆಲ್ಲ ಹಾಕಬೇಕಾದವರು ಮಾಲೀಕರು, ನೀವಲ್ಲ, ಬ್ರೋಕರ್ ಅಂತೂ ಅಲ್ಲವೇ ಅಲ್ಲ. ಆಮೇಲೆ ನಿಮ್ಮ ಹೆಸರಿಗೆ ಫಾರಂ 29 ಮತ್ತು 30. ನವೀಕರಣ ಎಷ್ಟು ವರ್ಷ ಬಾಕಿ ಇದೆಯೋ ಅದರ ದಂಡ ಬೇರೆ. ಆ ಮೊತ್ತ ಮೊದಲೇ ಕೇಳಿಕೊಂಡು ಬೆಲೆಯಲ್ಲಿ ಕಳೆಯಿರಿ.

ಸಾಲದ ಎಂಟ್ರಿ ಇನ್ನೊಂದು ತಮಾಷೆ. ಸಾಲ ತೀರಿ ಮೂವತ್ತು ವರ್ಷವಾಗಿರುತ್ತದೆ, ಪುಸ್ತಕದಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಹೆಸರು ಹಾಗೇ ಕೂತಿರುತ್ತದೆ. ಆ ಬ್ಯಾಂಕೇ ಈಗಿಲ್ಲ, 2017ರಲ್ಲಿ ಎಸ್‌ಬಿಐ ಜೊತೆ ಸೇರಿತು. ವಿಜಯಾ ಬ್ಯಾಂಕ್ ಆಗಿದ್ದರೆ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಬೇಕು, ಸಿಂಡಿಕೇಟ್ ಆಗಿದ್ದರೆ ಕೆನರಾಕ್ಕೆ. ಅಲ್ಲಿಂದ ‘ಬಾಕಿ ಇಲ್ಲ’ ಪತ್ರ ಮತ್ತು ಫಾರಂ 35 ತಂದರೆ ಹೆಸರು ಹೋಗುತ್ತದೆ. ಈ ಓಡಾಟವೂ ಮಾರುವವರದ್ದೇ.

ಗಾಡಿ ವಿಷಯಕ್ಕೆ ಬಂದರೆ, ಟಾರ್ಚ್ ಹಿಡಿದು ಟ್ಯಾಂಕಿನೊಳಗೆ ನೋಡಿ. ಒಳಗಿನ ತುಕ್ಕು ಉದುರುತ್ತಿದ್ದರೆ ಖರ್ಚಿದೆ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಬೋರು, ಪಿಸ್ಟನ್, ಆಯಿಲ್ ಸೀಲ್ ಈಗಲೂ ಸಿಗುತ್ತವೆ. ಒರಿಜಿನಲ್ ಟ್ಯಾಂಕ್, ಸೈಡ್ ಬಾಕ್ಸ್, ಲಾಂಛನ, ಇವಕ್ಕೆ ಪರದಾಡಬೇಕು. ಹಾಗಾಗಿ ಎಂಜಿನ್ ಕೆಟ್ಟು ಮೈ ಪೂರ್ತಿ ಇರುವ ಗಾಡಿಯೇ ಮೇಲು. 2022ರಲ್ಲಿ ಬಂದ ಹೊಸ ಯೆಜ್ಡಿ ಭಾಗ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಅದು 334 ಸಿಸಿಯ ಫೋರ್ ಸ್ಟ್ರೋಕ್, ನಿಮ್ಮದು 250 ಸಿಸಿಯ ಟೂ ಸ್ಟ್ರೋಕ್. ಹೆಸರು ಬಿಟ್ಟರೆ ನೆಂಟಸ್ತಿಕೆ ಇಲ್ಲ.

ಹಾಗಾದರೆ ನಿಮ್ಮ ರೋಡ್‌ಕಿಂಗ್? ಮಾಲೀಕರ ಮನೆಯವರು ನಿಮ್ಮ ಜೊತೆ ಆರ್‌ಟಿಒಗೆ ಬರಲು ಒಪ್ಪಿದರೆ ಖಂಡಿತ ಮುಂದುವರಿಯಿರಿ. ‘ಅದೆಲ್ಲ ಯಾಕೆ, ಸ್ಪೇರಿಗಾದರೂ ತಗೊಳ್ಳಿ’ ಅಂದರೆ ಬಿಡಿ, ಕದ್ದ ಮಾಲಾದರೆ ಬಿಚ್ಚಿಟ್ಟ ಸ್ಪೇರೂ ಕದ್ದ ಮಾಲೇ.

ಒಂದು ವೇಳೆ ಮನೆಗೆ ತಂದರೆ, ಖುಷಿಗೆ ಕಿಕ್ಕರ್ ಮೇಲೆ ಹತ್ತಿ ನಿಲ್ಲಬೇಡಿ. ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್. ಜಾಮ್ ಆದ ಎಂಜಿನ್ ಮೇಲೆ ಬಲ ಹಾಕಿದರೆ ಒಳಗಿನ ಹಲ್ಲು ಹೋಗುತ್ತದೆ. ಪ್ಲಗ್ ಬಿಚ್ಚಿ, ಆ ತೂತಿಗೆ ಒಂದಿಷ್ಟು ಡೀಸೆಲ್ ಸುರಿದು, ಮೂರ್ನಾಲ್ಕು ದಿನ ಅದರ ಪಾಡಿಗೆ ಬಿಟ್ಟುಬಿಡಿ.